ಎತ್ತಿನ ಮುಖಾಂತರ

ರೇಡಿಯೋ ವಾರ್ತೆಯಲ್ಲಿ ಆಗಾಗ ಬರುತ್ತದೆ: ಬದ್ಧವೈರಿಗಳಾದ ಎರಡು ದೇಶಗಳು ರಾಯಭಾರಿಗಳನ್ನು ವಾಪಸು ಕರೆಸಿಕೊಂಡಿವೆ, ಆದರೂ ಮೂರನೆಯ ದೇಶವೊಂದರ ಮುಖಾಂತರ ಮಾತುಕತೆ ನಡೆದು ಯುದ್ಧ ಸದ್ಯಕ್ಕೆ ತಪ್ಪಿದೆ. ನಮ್ಮ ಶಲವಡಿಯ ಚಾದಂಗಡಿಯಲ್ಲಿ ಇದನ್ನು ಕೇಳಿದವರು, "ಮಾತ ಬಿಟ್ಟವರು ಅದ್ಹೆಂಗ ಮಾತಾಡ್ತಾರಪಾ" ಎಂದು ಬೆರಗಾಗುತ್ತಾರೆ. ನನಗೇನೂ ಬೆರಗಿಲ್ಲ. ನಾನೂ ನಮ್ಮಣ್ಣನೂ ಹಾಗೆಯೇ ಬಾಳಿದವರು. ನಮ್ಮ ಮೂರನೆಯ ದೇಶಕ್ಕೆ ನಾಲ್ಕು ಕಾಲು, ಎರಡು ಕೋಡು ಇದ್ದವು, ಅಷ್ಟೇ ವ್ಯತ್ಯಾಸ.

ಮನೆ ಪಾಲಾದಾಗ ಹಿರಿಯರು ಪಡಸಾಲೆಯ ನಡುವೆ ಗೋಡೆ ಹಾಕಿಸಿದರು, ಎರೆಹೊಲದ ನಡುವೆ ಬದು ಹಾಕಿಸಿದರು, ಕೊನೆಗೆ ಇದ್ದ ಒಂದು ಜೋಡಿ ಎತ್ತನ್ನೂ ಬಿಡದೆ ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ಅಣ್ಣನಿಗೆ ಕೆಂದ, ನನಗೆ ಮಾಲಿಂಗ. ಗಟ್ಟಿ ಎತ್ತು ಅವನಿಗೇ ಹೋಯಿತೆಂದು ನಾನು ತಕರಾರು ತೆಗೆದೆ. ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಆದರೆ ಒಂಟಿ ಎತ್ತು ಕಟ್ಟಿಕೊಂಡು ಯಾರು ಕುಂಟೆ ಹೊಡೆದಾರು? ಹೊಲ ಹರಗುವ ಕಾಲ ಬಂತು. ಅಣ್ಣ ನಮ್ಮ ಕೊಟ್ಟಿಗೆಗೆ ಬಂದು, ನನಗೆ ಬೆನ್ನು ಮಾಡಿ ನಿಂತು, "ಮಾಲಿಂಗಾ, ನಾಳೆ ಮೊದಲ ನನ್ನ ಹೊಲ, ಆಮ್ಯಾಲೆ ನಿಮ್ಮದು" ಎಂದ. ನಾನು ಅವನ ಕೊಟ್ಟಿಗೆಗೆ ಹೋಗಿ ಕೆಂದನಿಗೆ "ಆತು" ಎಂದು ಹೇಳಿ ಬಂದೆ.

ಒಮ್ಮೆ ನನ್ನ ಕುಂಟೆ ಬದುವನ್ನು ತುಸು ಕೆಡವಿತು. ಅಣ್ಣ ಬಡಿಗೆ ಹಿಡಿದೇ ಬಂದ. "ಮಾಲಿಂಗಾ, ಸಂಜಿತನಕ ಬದು ಸರಿ ಮಾಡಾಕ ಹೇಳು ನಿನ್ನ ಮಾಲಕಗ. ಇಲ್ಲಂದ್ರ ನಾ ಸುಮ್ನಿರಂಗಿಲ್ಲ." ಅದನ್ನೇ ನನ್ನ ಮುಖಕ್ಕೆ ಹೇಳಿದ್ದರೆ ನಮ್ಮಿಬ್ಬರಲ್ಲಿ ಒಬ್ಬ ಅಂದು ದವಾಖಾನೆ ಸೇರುತ್ತಿದ್ದ. ಎತ್ತಿಗೆ ಹೇಳಿದ ಮಾತಿಗೆ ಸಿಟ್ಟು ಬರುವುದಿಲ್ಲ. ಸಂಜೆಯೊಳಗೆ ಬದು ಸರಿಮಾಡಿದೆ. ನನ್ನ ಮಗಳಿಗೆ ಜ್ವರ ಬಂದಾಗ ಅದೇ ಅಣ್ಣ ಮಾಲಿಂಗನ ಕೊರಳಿನ ಗಂಗೆದೊಗಲು ಸವರುತ್ತ, "ಕೂಸು ಗಂಜಿ ಕುಡೀತೇನ?" ಎಂದು ಕೇಳಿದ್ದ.

ಆಮೇಲೆ ಊರಿಗೆ ಟ್ರ್ಯಾಕ್ಟರು ಬಂದವು. ಅಣ್ಣನ ಹಂಗು ಬೇಡವೆಂದು ನಾನೂ ಒಂದು ತಂದೆ, ಮಾಲಿಂಗನನ್ನು ಅಣ್ಣಿಗೇರಿ ಸಂತೆಗೆ ಹೊಡೆದೆ. ಜೋಡಿಯಿಲ್ಲದ ಕೆಂದನನ್ನು ಅಣ್ಣನೂ ಮಾರಿದ. ಕೊಟ್ಟಿಗೆ ಖಾಲಿಯಾದ ಮೇಲೆಯೇ ನನಗೆ ಗೊತ್ತಾದದ್ದು, ನಾನು ಎತ್ತಿನ ಜೊತೆಗೆ ಏನನ್ನು ಮಾರಿಬಂದೆನೆಂದು. ಅಂದಿನಿಂದ ಅಣ್ಣನ ಒಂದು ಮಾತೂ ಕಿವಿಗೆ ಬಿದ್ದಿಲ್ಲ.

ಮೊನ್ನೆ ಮುಂಜಾನೆ ನಾನು ಟ್ರ್ಯಾಕ್ಟರು ಚಾಲೂ ಮಾಡಿ ಕೂತಿದ್ದೆ. ಅಣ್ಣ ಬಂದ, ಅತ್ತಿತ್ತ ನೋಡಿದ, ಬಾನೆಟ್ಟಿನ ಮೇಲೆ ಕೈಯಿಟ್ಟು ಅದಕ್ಕೆ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು. ಆ ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ನಾನು ಎಂಜಿನ್ ಬಂದ್ ಮಾಡುವಷ್ಟರಲ್ಲಿ ಅವನು ತನ್ನ ಮನೆಯೊಳಗೆ ಹೋಗಿಬಿಟ್ಟಿದ್ದ. ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ಏನಂದ ಎಂದು ಕೇಳಿದೆ.

"ನಿಮಗೇನೂ ಅಂದಿಲ್ಲ ಬಿಡ್ರಿ. ಟ್ಯಾಕ್ಟರಿಗೆ ಅಂದಾರ, ಅದನ್ನ ಕೇಳ್ರಿ" ಎಂದಳು.

ಗೋಡೆಯಾಚೆ ಅಣ್ಣ ಕೆಮ್ಮುವುದು ಕೇಳಿಸುತ್ತದೆ. ಎದ್ದುಹೋಗಿ ಕೇಳಿದರೆ ಮುಗಿಯಿತು. ಅದನ್ನು ಬಿಟ್ಟು ನಾನು ದಿನಾ ಮುಂಜಾನೆ ಎಂಜಿನ್ ಚಾಲೂ ಮಾಡದೆ, ಬಾನೆಟ್ ಒರೆಸುತ್ತ ಅವನ ದಾರಿ ಕಾಯುತ್ತೇನೆ. ಬಂದರೆ ನಾನೂ ಟ್ರ್ಯಾಕ್ಟರಿಗೇ ಉತ್ತರ ಹೇಳುವವನು.