ಎರಡನೇ ಹಾಳೆಯಲ್ಲಿದ್ದ ದಡ

ಬಹಳ ಹಿಂದೆ ಷರಾಪುರವೆಂಬ ರಾಜ್ಯವೊಂದಿತ್ತು. ಎಷ್ಟು ಹಿಂದೆ ಎಂದು ಓದುಗ ಮಹಾಶಯರು ಕೇಳಬಾರದು. ಆ ರಾಜ್ಯದಲ್ಲಿ ಆನೆ, ಅಂಬಾರಿ, ವಂದಿಮಾಗಧರು ಇದ್ದರು. ಪಿಡಿಎಫ್ ಕೂಡ ಇತ್ತು. ಇವೆಲ್ಲ ಒಂದೇ ಕಾಲದಲ್ಲಿ ಹೇಗಿದ್ದವು ಎಂದು ಇತಿಹಾಸದ ಮೇಷ್ಟ್ರುಗಳು ಗೊಣಗಿದರೆ ಅದಕ್ಕೆ ನಾನು ಜವಾಬ್ದಾರನಲ್ಲ. ಬೇಕಿದ್ದರೆ ಅವರೂ ಒಂದು ಟಿಪ್ಪಣಿ ಹಾಕಲಿ. ಹಾಕಿದ ಟಿಪ್ಪಣಿಗೆ ಮುಂದೆ ಏನಾಗುತ್ತದೆ ಎಂಬುದೇ ಈ ಕಥೆ.

ಷರಾಪುರವನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಶೇಕಡೇಂದ್ರ ಭೂಪಾಲರು. ಅವರಿಗೆ ಯಾವುದನ್ನೇ ಹೇಳಿದರೂ ಶೇಕಡಾವಾರು ಹೇಳಬೇಕು. ಮಹಾರಾಣಿಯವರು ಊಟವಾಯಿತೇ ಎಂದು ಕೇಳಿದರೆ ಎಂಬತ್ತು ಅನ್ನುತ್ತಿದ್ದರು. ಪಾಯಸ ಇನ್ನೂ ಬಂದಿಲ್ಲ ಎಂದು ಅಡುಗೆಯವರೇ ಅರ್ಥ ಮಾಡಿಕೊಳ್ಳಬೇಕಿತ್ತು. ಯುವರಾಜನಿಗೆ ಮದುವೆ ನಿಶ್ಚಯವಾದಾಗಲೂ ಅವರು ಕೇಳಿದ್ದು ಹುಡುಗಿ ಯಾರೆಂದಲ್ಲ, ಎಷ್ಟು ಆಗಿದೆ ಎಂದು.

ರಾಜ್ಯದ ನಡುವೆ ಮಂದಗಾಮಿನಿ ಎಂಬ ನದಿ ಹರಿಯುತ್ತಿತ್ತು. ಹೆಸರು ನೋಡಿ ಮೋಸ ಹೋಗಬೇಡಿ, ಮಳೆಗಾಲದಲ್ಲಿ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅರಮನೆ, ಆಸ್ಪತ್ರೆ, ಸಂತೆ, ಕಚೇರಿ ಎಲ್ಲ ಈಚೆ ದಡದಲ್ಲಿದ್ದವು. ಆಚೆ ದಡದಲ್ಲಿ ಜನ ಮಾತ್ರ ಇದ್ದರು. ಅವರು ಹರಿಗೋಲಿನಲ್ಲಿ ಕೂತು ದೇವರ ಹೆಸರು ಹೇಳುತ್ತ ದಾಟುತ್ತಿದ್ದರು. ನಮಗೊಂದು ಸೇತುವೆ ಬೇಕೆಂದು ಅವರು ತಲೆತಲಾಂತರದಿಂದ ಕೇಳಿ ಕೇಳಿ, ಕಡೆಗೊಮ್ಮೆ ಮಹಾರಾಜರು ಆಗಲಿ ಅಂದರು.

ಆಸ್ಥಾನದ ಸ್ಥಪತಿ ವೀರಭದ್ರಾಚಾರಿ ನಕ್ಷೆ ಬರೆದ. ನದಿ ಅಗಲ, ಹಾಳೆ ಸಣ್ಣದು. ಆದ್ದರಿಂದ ವಾಡಿಕೆಯಂತೆ ಸೇತುವೆಯನ್ನು ಎರಡು ಹಾಳೆಗಳಲ್ಲಿ ಬರೆದ. ಮೊದಲನೆಯದರಲ್ಲಿ ಈಚೆ ದಡ ಮತ್ತು ಅರ್ಧ ಸೇತುವೆ. ಎರಡನೆಯದರಲ್ಲಿ ಉಳಿದರ್ಧ ಸೇತುವೆ ಮತ್ತು ಆಚೆ ದಡ. ಎರಡನ್ನೂ ಪಿಡಿಎಫ್ ಮಾಡಿ ಮಹಾಮಂತ್ರಿ ತಥಾಸ್ತುರಾಯರಿಗೆ ಒಪ್ಪಿಸಿದ. ಮೊದಲು ಒಂದು ಮುಗಿಯಲಿ, ಆಮೇಲೆ ಇನ್ನೊಂದು ನೋಡೋಣ ಎಂದು ತಥಾಸ್ತುರಾಯರು ಮೊದಲನೇ ಹಾಳೆಯನ್ನಷ್ಟೇ ಆಸ್ಥಾನಕ್ಕೆಲ್ಲ ಶೇರ್ ಮಾಡಿದರು. ಇದು ಉದಾಸೀನವಲ್ಲ, ಆಡಳಿತಾನುಭವ.

ಪಿಡಿಎಫ್ ಎಂಬುದು ಆ ಕಾಲದ ವಿಶೇಷ ತಾಳೆಗರಿ. ಅದನ್ನು ಎಲ್ಲರೂ ನೋಡಬಹುದು, ಯಾರೂ ತಿದ್ದುವಂತಿಲ್ಲ. ಆದರೆ ಅದರ ಮೇಲೆ ಯಾರು ಬೇಕಾದರೂ, ತಪ್ಪು ಕಂಡ ಜಾಗದ ಸುತ್ತ ಮೋಡದಾಕಾರದ ಕೆಂಪು ಗೆರೆ, ಅಂದರೆ ಒಂದು ಕೆಂಪು ಮೋಡ ಬರೆದು, ಪಕ್ಕದಲ್ಲಿ ತಮ್ಮ ಅಭಿಪ್ರಾಯ ಗೀಚಬಹುದು. ಕೆಲಸ ಮಾಡುವ ಕಷ್ಟವಿಲ್ಲದೆ ತಪ್ಪು ಹುಡುಕುವ ಅಧಿಕಾರ ಸಿಕ್ಕರೆ ಆಸ್ಥಾನಿಕರಿಗೆ ಬೇರೆ ಜಹಗೀರು ಯಾಕೆ ಬೇಕು? ಹಾಳೆಯ ಮೇಲೆ ಮೋಡ ಮುಸುಕಿತು. ಕಂಬಗಳು ಅನವಶ್ಯಕವಾಗಿ ನೀರಿನಲ್ಲಿ ನಿಂತಿವೆ ಎಂದು ಕೋಶಾಧಿಕಾರಿ ಬರೆದರು. ಮೂರನೇ ಕಂಬದ ಮೇಲೆ ರಾಹುವಿನ ದೃಷ್ಟಿ ಇದೆ ಎಂದು ಜ್ಯೋತಿಷಿ ಬರೆದರು. ಆಸ್ಥಾನ ಕವಿಗಳು ಸೇತುವೆಯನ್ನು ಮಹಾರಾಜರ ಹುಬ್ಬಿಗೆ ಹೋಲಿಸಿ ಒಂದು ಕಂದಪದ್ಯ ಹಾಕಿದರು. ಮಹಾರಾಜರ ಬಾಮೈದ ‘ನೋಡಿದೆ’ ಎಂದಷ್ಟೇ ಬರೆದ. ಉಳಿದವರೆಲ್ಲ ಸಾಲಾಗಿ ಬಂದು, ಮೇಲಿನವರ ಅಭಿಪ್ರಾಯಕ್ಕೆ ತಮ್ಮ ಸಹಮತವಿದೆ ಎಂದು ಬಾಮೈದನ ಟಿಪ್ಪಣಿಯ ಕೆಳಗೇ ಬರೆದರು.

ಇಷ್ಟೊಂದು ಟಿಪ್ಪಣಿಗಳು ಎಲ್ಲಿಗೆ ಬಂದವು, ಎಷ್ಟು ಮುಗಿದವು ಎಂದು ಮಹಾರಾಜರು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಕ್ಷಣದಲ್ಲಿ ‘ಟಿಪ್ಪಣಿ ಪ್ರಗತಿ ಪರಿವೀಕ್ಷಣಾ ಮಹಾಮಂಡಳಿ’ ಹುಟ್ಟಿತು. ಸಿಂಹಾಸನದ ಎದುರಿನ ಗೋಡೆಯಲ್ಲಿದ್ದ ಪೂರ್ವಜರ ಚಿತ್ರಪಟಗಳನ್ನು ಇಳಿಸಿ, ಟಿಪ್ಪಣಿಗೊಂದರಂತೆ ದೀಪಗಳನ್ನು ಇಟ್ಟರು. ಟಿಪ್ಪಣಿ ಬಂದಾಗ ಕೆಂಪು ದೀಪ, ಪರಿಶೀಲನೆಯಲ್ಲಿದ್ದಾಗ ಹಳದಿ, ಉತ್ತರ ಕೊಟ್ಟು ಮುಗಿಸಿದಾಗ ಹಸಿರು. ಪಂಡಿತರು ಇದನ್ನು ಪ್ರಗತಿಭಿತ್ತಿ ಎಂದರು, ಬಾಮೈದ ಡ್ಯಾಶ್‌ಬೋರ್ಡ್ ಎಂದ. ಎಂದಿನಂತೆ ಬಾಮೈದನ ಮಾತೇ ನಿಂತಿತು.

ಅಲ್ಲಿಂದ ಮಹಾರಾಜರು ಬೇಟೆ ಬಿಟ್ಟರು, ಸಂಗೀತ ಬಿಟ್ಟರು. ಬೆಳಗೆದ್ದು ಹಲ್ಲುಜ್ಜುವ ಮೊದಲೇ ಬಂದು ಗೋಡೆಯ ಮುಂದೆ ಕೂರುತ್ತಿದ್ದರು. ಒಂದು ದೀಪ ಹಸಿರಾದರೆ ನಗಾರಿ ಬಾರಿಸಬೇಕು. ಯಾರ ಹೆಸರಿನಲ್ಲಿ ಕೆಂಪು ದೀಪ ಉಳಿದಿದೆಯೋ ಅವರಿಗೆ ರಾಜಭೋಜನದಲ್ಲಿ ಹೋಳಿಗೆ ಇಲ್ಲ ಎಂದು ರಾಜಾಜ್ಞೆ ಹೊರಟಿತು. ಹೋಳಿಗೆ ತಪ್ಪಿದ ಮೇಲೆ ಅಧಿಕಾರಿಗಳ ಬುದ್ಧಿ ಚುರುಕಾಯಿತು. ಕಷ್ಟದ ಟಿಪ್ಪಣಿಗೆ ಉತ್ತರ ಹುಡುಕುವುದಕ್ಕಿಂತ, ಸುಲಭದ ಟಿಪ್ಪಣಿಗಳನ್ನು ತಾವೇ ಹಾಕಿ ತಾವೇ ಮುಗಿಸುವುದು ಲೇಸು ಎಂದು ಅವರು ಕಂಡುಕೊಂಡರು. ನದಿಯಲ್ಲಿ ನೀರಿದೆಯೇ? ಇದೆ. ಹಸಿರು. ಸೇತುವೆ ನೀರಿನ ಮೇಲಿದೆಯೇ? ಮೇಲಿದೆ. ಹಸಿರು. ನಗಾರಿಯವನ ಕೈ ಬಾತುಕೊಂಡಿತು. ಪ್ರಗತಿ ಎಷ್ಟು ರಭಸದಲ್ಲಿ ಏರಿತೆಂದರೆ, ಇನ್ನೂ ಒಂದು ಕಲ್ಲನ್ನೂ ಇಡದ ಸೇತುವೆ ಮುಕ್ಕಾಲು ಪಾಲು ಮುಗಿದಿದೆ ಎಂದು ನೆರೆರಾಜ್ಯಗಳಿಗೆ ಓಲೆ ಹೋಯಿತು.

ಈ ಸಂಭ್ರಮದ ನಡುವೆ ಪ್ರಜಾಭಿಪ್ರಾಯವನ್ನೂ ಕೇಳಿದ ಶಾಸ್ತ್ರ ಆಗಲೆಂದು ನಕ್ಷೆಯನ್ನು ದೊಡ್ಡ ಬಟ್ಟೆಯ ಮೇಲೆ ಬರೆಸಿ ಸಂತೆಯಲ್ಲಿ ತೂಗುಹಾಕಿದರು. ಆಚೆ ದಡದ ನೀಲವ್ವ ಎಂಬಾಕೆ ಸಂತೆಗೆ ಬಂದವಳು ಅದನ್ನು ನೋಡಿ, ನೇರ ಆಸ್ಥಾನಕ್ಕೇ ಬಂದಳು. ಆಕೆಯ ಮಗಳು ಶಾಂತವ್ವ ಬಸುರಿ. ಹಿಂದಿನ ಮಳೆಗಾಲದಲ್ಲಿ ಹರಿಗೋಲು ಬರುವುದು ತಡವಾಗಿ ಶಾಂತವ್ವನ ಚೊಚ್ಚಲ ಕೂಸು ಆಚೆ ದಡದಲ್ಲೇ ತೀರಿಹೋಗಿತ್ತು. ಈ ಸಲವೂ ಹೆರಿಗೆ ಮಳೆಗಾಲಕ್ಕೇ ಬರುವುದಿತ್ತು.

“ಮಾರಾಜ್ರ, ಚಿತ್ರದಾಗ ಸೇತುವಿ ನಡು ಹೊಳಿಯಾಗ ನಿಂತೈತ್ರಿ. ನಮ್ಮ ದಂಡಿಗೆ ಮುಟ್ಟಂಗಿಲ್ಲ,” ಅಂದಳು ನೀಲವ್ವ.

ಇಷ್ಟು ದಿನದಲ್ಲಿ ಸೇತುವೆಯ ಬಗ್ಗೆ ಬಂದ ಮೊದಲ ಟಿಪ್ಪಣಿ ಅದು. ಹಾಗೆಂದು ಯಾರಿಗೂ ಗೊತ್ತಿರದ ಸಂಗತಿಯೇನಲ್ಲ. ಎಲ್ಲರೂ ನೋಡಿದ್ದರು, ಬಾಮೈದ ಬರೆದೂ ಇದ್ದ. ಮಹಾರಾಜರಿಗೆ ಮಾತ್ರ ಪರಮಾನಂದವಾಯಿತು. ಸಾಮಾನ್ಯ ಹೆಂಗಸೊಬ್ಬಳು ಸ್ವಂತ ಟಿಪ್ಪಣಿ ಹೊತ್ತು ನಡೆದುಬಂದಿದ್ದಾಳಲ್ಲ ಎಂದು ಅವರ ಕಣ್ಣು ತುಂಬಿತು. ಕೂಡಲೇ ಕೆಂಪು ದೀಪ ಹೊತ್ತಿಸಿದರು. ನೀಲವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಜರಿಯಂಚಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ‘ಟಿಪ್ಪಣಿರತ್ನ’ ಎಂಬ ಬಿರುದು ದಯಪಾಲಿಸಿದರು. ನೀಲವ್ವ ಬಾಳೆಹಣ್ಣು ಹಿಡಿದುಕೊಂಡೇ, ಸೇತುವಿ ಯಾವಾಗ ಮುಟ್ಟತೈತ್ರಿ ಎಂದು ಕೇಳಿದಳು. ನಿಮ್ಮ ಟಿಪ್ಪಣಿ ಪ್ರಗತಿಯಲ್ಲಿದೆ ಎಂದು ಉತ್ತರ ಬಂತು. ಆಕೆಗೆ ಸಮಾಧಾನವಾಯಿತು. ಪಾಪ, ಪ್ರಗತಿ ಎಂದರೆ ಮುಂದಕ್ಕೆ ಹೋಗುವುದು ಎಂದು ತಿಳಿದಿದ್ದಳು.

ಟಿಪ್ಪಣಿ ನಿಜವಾಗಿಯೂ ಓಡಾಡಿತು. ಕೋಶಾಧಿಕಾರಿಯಿಂದ ಜಲಾಧಿಕಾರಿಗೆ, ಅಲ್ಲಿಂದ ಜ್ಯೋತಿಷಿಗೆ, ಅಲ್ಲಿಂದ ‘ನಿಮ್ಮ ಅವಗಾಹನೆಗೆ’ ಎಂದು ತಿರುಗಿ ಕೋಶಾಧಿಕಾರಿಗೆ. ಹಳದಿಯಾಯಿತು, ಮತ್ತೆ ಕೆಂಪಾಯಿತು, ಇನ್ನೊಮ್ಮೆ ಹಳದಿಯಾಯಿತು. ನೀಲವ್ವ ಸಂತೆಗೆ ಬಂದಾಗಲೆಲ್ಲ ಅರಮನೆಯ ಬಾಗಿಲಲ್ಲಿ ನಿಂತು ಬಣ್ಣ ವಿಚಾರಿಸಿಕೊಂಡು ಹೋಗುತ್ತಿದ್ದಳು. ಹಳದಿ ಎಂದರೆ ಮಗಳಿಗೆ ಸಂತೆಯಿಂದ ಕಲ್ಲುಸಕ್ಕರೆ ಒಯ್ಯುತ್ತಿದ್ದಳು.

ಕಡೆಗೆ ಗೋಡೆಯೆಲ್ಲ ಹಸಿರಾಗಿ, ನೀಲವ್ವನ ದೀಪವೊಂದೇ ಬೇರೆ ಬಣ್ಣದಲ್ಲಿ ಉಳಿಯಿತು. ಪ್ರಗತಿ ಶೇಕಡಾ ತೊಂಬತ್ತೊಂಬತ್ತು. ಮಹಾರಾಜರಿಗೆ ನಿದ್ದೆ ಹತ್ತದು, ಪಾಯಸ ರುಚಿಸದು. ಸ್ಥಪತಿಯನ್ನು ಕರೆಸಿದರು. ವೀರಭದ್ರಾಚಾರಿ ಕೈಮುಗಿದು, ಇದಕ್ಕೇನೂ ಕಷ್ಟವಿಲ್ಲ, ಆಚೆ ದಡ ಎರಡನೇ ಹಾಳೆಯಲ್ಲಿ ಕ್ಷೇಮವಾಗಿದೆ, ಅದನ್ನೂ ಹಂಚಿದರೆ ಸೇತುವೆ ಪೂರ್ತಿಯಾಗುತ್ತದೆ ಎಂದು ಅರಿಕೆ ಮಾಡಿಕೊಂಡ.

ತಥಾಸ್ತುರಾಯರು ಎದ್ದು ನಿಂತರು. ಅವರು ಎದ್ದು ನಿಂತರೆ ಏನೋ ಒಂದು ನಿಲ್ಲುತ್ತದೆ ಎಂದೇ ಲೆಕ್ಕ.

“ಪ್ರಭು, ಎರಡನೇ ಹಾಳೆಯನ್ನು ಹಂಚಿದರೆ ಅದರ ಮೇಲೂ ಟಿಪ್ಪಣಿಗಳು ಬೀಳುತ್ತವೆ. ಅವೆಲ್ಲ ಕೆಂಪು. ತೊಂಬತ್ತೊಂಬತ್ತಕ್ಕೆ ಏರಿರುವ ತಮ್ಮ ಪ್ರಗತಿ ನಲವತ್ತಕ್ಕೆ ಇಳಿಯುತ್ತದೆ.”

ಮಹಾರಾಜರು ಸಿಂಹಾಸನದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಯುದ್ಧದಲ್ಲಿ ಮೂರು ಕೋಟೆ ಹೋದಾಗಲೂ ನಮಗೆ ಇಷ್ಟು ಸಂಕಟವಾಗಿರಲಿಲ್ಲ, ಮಂತ್ರಿಗಳೇ. ಬೇರೆ ದಾರಿ ಹೇಳಿ.”

ದಾರಿ ಇತ್ತು. ತಥಾಸ್ತುರಾಯರು ಲೇಖನಿ ತರಿಸಿ, ನೀಲವ್ವನ ಟಿಪ್ಪಣಿಯ ಕೆಳಗೆ ತಮ್ಮ ಮುದ್ದಾದ ಅಕ್ಷರದಲ್ಲಿ ಉತ್ತರ ಬರೆದರು: ‘ಗಮನಿಸಲಾಗಿದೆ. ಆಚೆ ದಡವು ಈ ಹಾಳೆಯ ವ್ಯಾಪ್ತಿಗೆ ಬರುವುದಿಲ್ಲ.’ ದೀಪ ಹಸಿರಾಯಿತು. ನೂರಕ್ಕೆ ನೂರು. ನಗಾರಿ ಹರಿದುಹೋಗುವ ಹಾಗೆ ಬಾರಿಸಿದರು. ಎರಡನೇ ಹಾಳೆಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ರಾಜ್ಯದ ಅಮೂಲ್ಯ ವಸ್ತುಗಳ ಜೊತೆ ಖಜಾನೆಯಲ್ಲಿಟ್ಟು ಬೀಗ ಹಾಕಿದರು. ವೀರಭದ್ರಾಚಾರಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನಿಗೆ ‘ಸಂಪೂರ್ಣಸೇತು ಶಿರೋಮಣಿ’ ಎಂದು ಬಿರುದು ಕೊಟ್ಟು ಆ ಬಾಯಿಗೆ ಹೋಳಿಗೆ ತುರುಕಿದರು. ಹೋಳಿಗೆ ಚೆನ್ನಾಗಿತ್ತು, ಅವನು ಮತ್ತೆ ಮಾತಾಡಲಿಲ್ಲ. ನನಗೆ ಈ ಮನುಷ್ಯನ ಮೇಲೆ ಉಳಿದವರೆಲ್ಲರಿಗಿಂತ ಹೆಚ್ಚು ಸಿಟ್ಟಿದೆ, ಹೇಳಿಬಿಡುತ್ತೇನೆ.

ಮಳೆಗಾಲಕ್ಕೆ ಮುಂಚೆ ಮುಗಿಯಬೇಕೆಂದು ರಾಜ್ಯದ ಆಳುಗಳನ್ನೆಲ್ಲ ಹಚ್ಚಿ ಸೇತುವೆ ಕಟ್ಟುವ ಕೆಲಸ ಶುರುವಾಯಿತು. ಅನುಮೋದಿತ ನಕ್ಷೆಯಲ್ಲಿರುವುದನ್ನೆಲ್ಲ ಚಾಚೂ ತಪ್ಪದೆ ಕಟ್ಟತಕ್ಕದ್ದು ಎಂದು ಆಜ್ಞೆಯಾಗಿತ್ತು. ಕಲ್ಲುಕುಟಿಗರು ಈ ಕೆಂಪು ಮೋಡಗಳನ್ನು ಏನು ಮಾಡುವುದು ಎಂದು ಕೇಳಿದರು. ಮೋಡಗಳಿಗೆಲ್ಲ ಹಸಿರು ದೀಪ ಬಿದ್ದಿರುವುದರಿಂದ ಅವೂ ಅನುಮೋದಿತವೇ ಎಂದು ಮಹಾಮಂಡಳಿ ತೀರ್ಪು ಕೊಟ್ಟಿತು. ಸೇತುವೆಯ ಉದ್ದಕ್ಕೂ ಗುಂಡುಗುಂಡಾದ ಕಲ್ಲಿನ ಮೋಡಗಳು ಎದ್ದವು, ಅವಕ್ಕೆ ಕೆಂಪು ಬಣ್ಣ ಬಳಿದರು. ಒಂದು ಮೋಡದ ಪಕ್ಕ ಬಾಮೈದನ ‘ನೋಡಿದೆ’ ಎಂಬುದನ್ನು ಶಿಲಾಶಾಸನವಾಗಿ ಕೆತ್ತಿದರು. ಹಾಳೆಯ ಅಂಚಿನಲ್ಲಿ ಚೌಕಟ್ಟಿನ ಗೆರೆಯೊಂದಿತ್ತು, ಅದನ್ನೂ ಬಿಡಲಿಲ್ಲ. ಸೇತುವೆ ಎಲ್ಲಿ ಮುಗಿಯಿತೋ ಅಲ್ಲಿ, ನಡುಹೊಳೆಯಲ್ಲಿ, ಆಳೆತ್ತರದ ಗೋಡೆ ಕಟ್ಟಿ ಮೂಲೆಯಲ್ಲಿ ‘ಹಾಳೆ ಒಂದು’ ಎಂದು ಬರೆದರು.

ಉದ್ಘಾಟನೆಯ ದಿನಕ್ಕೆ ಸರಿಯಾಗಿ ಮಳೆ ಹಿಡಿಯಿತು. ಮಹಾರಾಜರು ಆನೆಯ ಮೇಲೆ ಕೂತು ಗೋಡೆಯವರೆಗೆ ಬಂದು, ಗೋಡೆಯನ್ನು ಮೆಚ್ಚಿ, ತಿರುಗಿ ಹೋದರು. ಆನೆಗೆ ಮಾತ್ರ ಸ್ವಲ್ಪ ಅನುಮಾನ ಬಂದಂತೆ ಕಂಡಿತಂತೆ. ಪೂರ್ಣ ಸೇತುವೆಗೆ ಪೂರ್ಣ ಸುಂಕ ಎಂದು ಆಜ್ಞೆ ಹೊರಡಿಸಿ, ಗೋಡೆಯ ಬುಡದಲ್ಲೇ ಸುಂಕದಕಟ್ಟೆ ಇಟ್ಟರು. ಜೊತೆಗೆ, ದಾಟುವ ಪ್ರತಿಯೊಬ್ಬರಿಂದಲೂ ಒಂದು ಟಿಪ್ಪಣಿ ಕೇಳಿ ಪಡೆಯತಕ್ಕದ್ದು ಎಂದೂ ಸೇರಿಸಿದರು. ಹಸಿರು ಗೋಡೆ ಸುಮ್ಮನೆ ಕೂತರೆ ಮಹಾರಾಜರಿಗೆ ಹೊತ್ತು ಹೋಗಬೇಡವೇ?

ಅದೇ ಸಂಜೆ ಆಚೆ ದಡದಲ್ಲಿ ಶಾಂತವ್ವನಿಗೆ ನೋವು ಕಾಣಿಸಿಕೊಂಡಿತು. ಹೊಳೆ ಏರುತ್ತಿತ್ತು. ಸೇತುವೆ ನೂರಕ್ಕೆ ನೂರು ಆಯಿತೆಂದು ನಗಾರಿ ಕೇಳಿದ ದಿನವೇ ಆಚೆ ದಡದವರು ಅದನ್ನು ನಂಬಿ ಹರಿಗೋಲುಗಳನ್ನು ಮಾರಿಬಿಟ್ಟಿದ್ದರು, ಹಳೆಯದೊಂದು ಉಳಿದಿತ್ತು. ಅದರಲ್ಲಿ ಮಗಳನ್ನು ಮಲಗಿಸಿಕೊಂಡು ನೀಲವ್ವ ಹೊರಟಳು. ಮೊದಲಾದರೆ ಹರಿಗೋಲು ನೇರವಾಗಿ ದಡಕ್ಕೆ ಹೋಗುತ್ತಿತ್ತು. ಈಗ ಕಂಬಗಳು ಅಡ್ಡವಿದ್ದು ಸುಳಿ ಎದ್ದಿತ್ತು. ಅಂಬಿಗ ಬೇರೆ ದಾರಿ ಕಾಣದೆ ಗೋಡೆಗೇ ತಂದು ಹಚ್ಚಿದ. ಮೇಲಿದ್ದ ಕಲ್ಲುಕುಟಿಗರು ಏಣಿ ಇಳಿಬಿಟ್ಟು, ಹೇಗೋ ಮಾಡಿ ಬಸುರಿಯನ್ನು ಗೋಡೆ ದಾಟಿಸಿದರು. ಆಸ್ಪತ್ರೆಯವರೆಗೆ ಹೋಗಲು ಹೊತ್ತಿರಲಿಲ್ಲ. ಜ್ಯೋತಿಷಿಯ ಮೋಡದ ಮರೆಯಲ್ಲಿ, ಸುರಿಯುವ ಮಳೆಯಲ್ಲಿ ಶಾಂತವ್ವ ಹೆತ್ತಳು. ಹೆಣ್ಣು ಕೂಸು. ಬದುಕಿತ್ತು, ಜೋರಾಗಿ ಅತ್ತಿತು. ನೀಲವ್ವ ಹೆಗಲ ಮೇಲಿದ್ದ ಸನ್ಮಾನದ ಶಾಲು ತೆಗೆದು ಅದಕ್ಕೆ ಸುತ್ತಿದಳು.

ಸುಂಕದವನು ಕೊಡೆ ಹಿಡಿದು ಬಂದ. ಕೆಟ್ಟವನೇನಲ್ಲ, ನಿಯಮ ಗೊತ್ತಿದ್ದವನು. ಹತ್ತುವಾಗ ಇಬ್ಬರು, ಇಳಿಯುವಾಗ ಮೂವರು. ಆದ್ದರಿಂದ ಮೂರು ಸುಂಕ ಎಂದು ವಿವರಿಸಿದ. ನೀಲವ್ವನ ಬಳಿ ಇದ್ದದ್ದು ಎರಡು ಸುಂಕಕ್ಕೆ ಸಾಕಾಯಿತು. ಮೂರನೆಯದಕ್ಕೆ ಅವನು ಸುತ್ತಮುತ್ತ ನೋಡಿ, ಶಾಲಿನ ಜರಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಇದು ಆಗುತ್ತದೆ ಅಂದ. ನೀಲವ್ವ ಕೂಸಿನ ಮೈಮೇಲಿಂದ ಶಾಲು ಬಿಚ್ಚಿ ಕೊಟ್ಟು, ತನ್ನ ಒದ್ದೆ ಸೆರಗಿನಲ್ಲಿ ಅದನ್ನು ಸುತ್ತಿಕೊಂಡಳು.

“ಇನ್ನೊಂದು ಉಳೀತವ್ವಾ. ಸೇತುವಿ ಬಗ್ಗೆ ಏನರ ಟಿಪ್ಪಣಿ ಐತೇನು?” ಎಂದು ಸುಂಕದವನು ಕೇಳಿದ.

ನೀಲವ್ವ ಗೋಡೆಯನ್ನು ನೋಡಿದಳು. ಗೋಡೆಯಾಚೆಗಿದ್ದ ಹೊಳೆಯನ್ನು ನೋಡಿದಳು. ಎದೆಗೊತ್ತಿಕೊಂಡ ಕೂಸು ನಡುಗುತ್ತಿತ್ತು.

“ಏನಿಲ್ರಿ,” ಅಂದಳು.

ಅರಮನೆಯಲ್ಲಿ ಒಂದು ದೀಪ ನೇರವಾಗಿ ಹಸಿರಿಗೇ ಹೊತ್ತಿಕೊಂಡಿತು. ಆಚೆ ದಡದವರಿಗೆ ಯಾವ ತಕರಾರೂ ಇಲ್ಲವೆಂದು ತಥಾಸ್ತುರಾಯರು ಓದಿ ಹೇಳಿದರು. ಮಹಾರಾಜರು ಅಂದು ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, ಊಟ ನೂರಕ್ಕೆ ನೂರು ಆಯಿತು ಎಂದರು.