ಅತ್ತಿಗೆಯ ಕ್ಯಾಮೆರಾಕ್ಕೆ ಗುಲಾಬಿ ಹಾರ

ಕ್ಯುಪರ್ಟಿನೋದ ಕನ್ನಡಿಗರಲ್ಲಿ ಜಿಂಕೆಗಳ ದಿನಚರಿಯನ್ನು ಬಾಯಿಪಾಠ ಮಾಡಿಕೊಂಡವರು ಒಬ್ಬರೇ ಇದ್ದಾರೆ, ಅವರು ನಮ್ಮ ಅತ್ತಿಗೆ! ಮಗನ ಪರೀಕ್ಷೆ ಯಾವತ್ತು ಎಂದರೆ ತಡವರಿಸುತ್ತಾರೆ. ಗಿಲ್‌ರಾಯ್ ಗುಡ್ಡದ ಕವಲು ಕೊಂಬಿನ ಗಂಡು ಜಿಂಕೆ ನೀರಿಗೆ ಯಾವಾಗ ಬರುತ್ತದೆ ಎಂದು ಕೇಳಿ ನೋಡಿ, ಆಫೀಸಿನ ಮೀಟಿಂಗಿನಿಂದಲೇ ಉತ್ತರ ಬರುತ್ತದೆ.

ಮಂಡ್ಯ ಕಡೆಯ ಈ ಹೆಣ್ಣುಮಗಳಿಗೆ ಬಂದೂಕು ಏಕೆ ಬೇಕಾಯಿತು? ಕಾರಣ ನಮ್ಮಣ್ಣ. ಅವನ ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ದಿನಾ ನಡೆಯಬೇಕು ಎಂದರು, ಮಟನ್ ಬಂದ್ ಎಂದರು. ಎರಡನೆಯದನ್ನು ಕೇಳಿ ಸೋಫಾ ಹಿಡಿದ ಅಣ್ಣ ಮೊದಲನೆಯದಕ್ಕೂ ಏಳಲಿಲ್ಲ. ಮಾತು ಕಡಿಮೆಯಾಯಿತು, ಮುಖ ಬಾಡಿತು. ಹೀಗೇ ಬಿಟ್ಟರೆ ಮನುಷ್ಯ ನಮಗೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಭಯ. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಅಪರೂಪಕ್ಕೆ ತಿನ್ನಬಹುದು ಎಂದು ಡಾಕ್ಟರ ಬಾಯಿಂದ ಬಂದದ್ದೇ ತಡ, ಅತ್ತಿಗೆ ತರಗತಿಗೆ ಸೇರಿ, ಪರೀಕ್ಷೆ ಪಾಸಾಗಿ, ಬೇಟೆಯ ಲೈಸೆನ್ಸು ತಂದೇಬಿಟ್ಟರು!

"ಸಾಕಿದ ಜಿಂಕೆ ಮಾಂಸ ಅಂಗಡೀಲೇ ಸಿಗುತ್ತಲ್ಲ ಅತ್ತಿಗೆ?" ಎಂದೆ.

"ಫ್ರೀಜರ್ನಲ್ಲಿ ಯಾವ ಕಾಲದಿಂದ ಬಿದ್ದದೋ! ಅದ ನಿಮ್ಮಣ್ಣಂಗೆ ಇಕ್ಕಲಾ?"

ಅವರ ಗೆಳತಿಯ ದನ ಸಾಕುವ ರ‍್ಯಾಂಚು ಗಿಲ್‌ರಾಯ್ ಊರಿನ ಆಚೆಗಿದೆ. ಅಲ್ಲಿನ ಗುಡ್ಡದ ನೆತ್ತಿಯಲ್ಲಿ, ಒಂದು ಮರಕ್ಕೆ ಟ್ರೇಲ್ ಕ್ಯಾಮೆರಾ ಕಟ್ಟಿದರು. ಎದುರಿಗೆ ಏನು ಹಾದರೂ ತಾನಾಗಿ ಫೋಟೋ ಹೊಡೆಯುವ ಡಬ್ಬಿ ಅದು. ವಾರವಾರ ಹತ್ತಿ ಹೋಗಿ ಮೆಮೊರಿ ಕಾರ್ಡು ತರಬೇಕು. ಆ ಕೆಲಸ ಅಣ್ಣನಿಗೆ. "ನಂಗೆ ಅದ್ರ ಮುಚ್ಚಳ ತೆಗೆಯಕ್ಕೆ ಬರಾಕಿಲ್ಲ" ಎಂದು ಅತ್ತಿಗೆಯ ವಾದ. ಆಫೀಸಿನಲ್ಲಿ ಇಡೀ ತಂಡವನ್ನು ಆಳುವ ಹೆಂಗಸು ಆಡುವ ಮಾತೇ ಇದು? ಅಣ್ಣ ಗೊಣಗುತ್ತ, ಸಿಕ್ಕ ಬಂಡೆಯ ಮೇಲೆಲ್ಲ ಕೂರುತ್ತ ಹತ್ತಿದ.

ಮೊದಲ ವಾರದ ಫೋಟೋಗಳಲ್ಲಿ ಬರೀ ಹಸುವಿನ ಬಾಲ. ಮುಂದಿನ ವಾರ ಅಣ್ಣನ ಹೊಟ್ಟೆ.

"ಈ ಪ್ರಾಣಿಗೆ ಬೇಟೆ ಸೀಸನ್ ಇಲ್ವಾ ಅತ್ತಿಗೆ?"

"ಇದುನ್ನ ಹೊಡೆಯಂಗಿಲ್ಲ ಕಣಪ್ಪ, ವರ್ಷಪೂರ್ತಿ ರಕ್ಷಣೆ!"

ಕೊನೆಗೂ ಆ ಕವಲು ಕೊಂಬಿನವನು ಕಾಣಿಸಿಕೊಂಡ. ಅವನು ಬರುವ ಹೊತ್ತು, ಗಾಳಿಯ ದಿಕ್ಕು ಎಲ್ಲವನ್ನೂ ಲೆಕ್ಕ ಹಾಕಿ ಅತ್ತಿಗೆ ಸೀಸನ್ನಿನ ಕೊನೆಯ ಭಾನುವಾರವನ್ನು ಗೊತ್ತುಮಾಡಿದರು. ಇಷ್ಟು ದುಡಿದ ಯಂತ್ರಕ್ಕೆ ಪೂಜೆ ಬೇಡವೇ? ಹಿಂದಿನ ವಾರ ಕ್ಯಾಮೆರಾಕ್ಕೆ ಕುಂಕುಮವಿಟ್ಟು, ಹಿತ್ತಿಲಿನ ಗುಲಾಬಿಯ ಹಾರ ಹಾಕಿ ಕೈಮುಗಿದು ಬಂದರು.

ಭಾನುವಾರ ನಸುಕಿನಲ್ಲಿ ಗುಡ್ಡ ಹತ್ತುತ್ತಿದ್ದೆವು. ಸದ್ದು ಮಾಡಬೇಡಿ ಎಂದು ಅತ್ತಿಗೆಯ ಕಟ್ಟಪ್ಪಣೆ. ಮುಂದೆ ಹೋಗಿದ್ದ ಅಣ್ಣ ಕ್ಯಾಮೆರಾದ ಪುಟ್ಟ ಪರದೆಯಲ್ಲೇ ಫೋಟೋ ನೋಡಿ ನೆತ್ತಿಯಿಂದ ಕೂಗಿಕೊಂಡ: "ಲೇ, ಬಾರೇ ಬೇಗ! ನಿನ್ ಹಾರನ ಜಿಂಕೆ ತಿಂದಾಕ್ಬುಟ್ಟದೆ ಕಣೇ! ಫೋಟೋ ತುಂಬ ಬರೀ ನಾಲಿಗೆ!"

ಜಿಂಕೆಗೆ ಗುಲಾಬಿಯೆಂದರೆ ಪ್ರಾಣ ಎಂಬುದನ್ನು ನಮ್ಮ ಬೇಟೆಗಾರ್ತಿ ಮರೆತೇಬಿಟ್ಟಿದ್ದರು! ಮೇವಿಟ್ಟ ಜಾಗದಲ್ಲಿ ಬೇಟೆಯಾಡಲು ಇಲ್ಲಿನ ಕಾನೂನು ಬಿಡುವುದಿಲ್ಲ. ಆದರೆ ಅತ್ತಿಗೆ ಕಾನೂನಿನ ಮಾತೆತ್ತಲಿಲ್ಲ. ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು.

"ಉಣ್ಣಕ್ಕಿಕ್ಕಿಬುಟ್ಟು ಗುಂಡು ಹೊಡೆಯಕ್ಕಾಯ್ತದೇನಪ್ಪ?"

"ಇವತ್ತಿಗೆ ಸೀಸನ್ನೇ ಮುಗೀತಲ್ಲ ಅತ್ತಿಗೆ! ಇಷ್ಟು ದಿನ ಪಟ್ಟ ಪಾಡೆಲ್ಲ ದಂಡ ಆಯ್ತಲ್ಲ!" ಎಂದೆ.

ಅತ್ತಿಗೆ ನೆತ್ತಿಯ ಕಡೆ ನೋಡಿದರು. ಅಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಅಷ್ಟು ಎತ್ತರ ಹತ್ತಿಯೂ ಏದುಸಿರಿಲ್ಲ. ದಾರಿಯಲ್ಲಿ ಒಂದು ಕಡೆಯೂ ಅವನು ಕೂತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅತ್ತಿಗೆ ಅಲ್ಲೇ ಒಂದು ಬಂಡೆಯ ಮೇಲೆ ಕೂತು, ಸೆರಗಿಲ್ಲದ ಜಾಕೆಟ್ಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು.

"ಜಿಂಕೆ ಹೋದ್ರೆ ಹೋಗ್ಲಿ ಬುಡಪ್ಪ. ನಿಮ್ಮಣ್ಣ ಸಿಕ್ಕುದ್ರಲ್ಲ ನಂಗೆ."