ಭಾಮೈದನ ತೋಟದ ನೀರು

ಅನುಮಾನ ಕೆಟ್ಟ ಗುಣ ಎನ್ನುವವರನ್ನು ಕಂಡರೆ ನನಗೆ ಮೊದಲು ಅವರ ಮೇಲೆಯೇ ಅನುಮಾನ ಬರುತ್ತದೆ. ಹೋಟೆಲಿನಲ್ಲಿ ಪಕ್ಕದ ಮೇಜಿನವರು ಚಟ್ನಿ ತಿಂದು ಎದ್ದು ನಡೆದಾಡಿದ ಮೇಲಷ್ಟೇ ನಾನು ಬೆರಳು ಅದ್ದುವುದು. ಹೊಸದುರ್ಗ ಎಂದು ದೊಡ್ಡದಾಗಿ ಬೋರ್ಡು ಹಾಕಿಕೊಂಡು ಬಂದ ಬಸ್ಸನ್ನೂ ಕಂಡಕ್ಟರನ ಬಾಯಿಂದ ಹೇಳಿಸದೆ ಹತ್ತುವುದಿಲ್ಲ. ಇಂಥ ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಹೆಂಡತಿ ಸುಜಾತ, ಕಳೆದ ವಾರ ಮಾತ್ರ ಊಟದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. ಕಾರಣ, ಅವಳ ತಮ್ಮನ ತೋಟದ ಎಳನೀರು.

ಭಾಮೈದ ಚಂದ್ರಣ್ಣನ ತೆಂಗಿನ ತೋಟ ಇರುವುದು ಊರಾಚೆ, ಕೊಳಚೆ ನೀರು ಶುದ್ಧ ಮಾಡುವ ಘಟಕದ ಬೇಲಿಗೆ ಹೊಂದಿಕೊಂಡು. ಮನೆಮನೆಯ ಕಕ್ಕಸು ಗುಂಡಿಯಿಂದ ಟ್ಯಾಂಕರು ಹೊತ್ತು ತಂದದ್ದು ಅಲ್ಲಿ ತೊಟ್ಟಿಯಿಂದ ತೊಟ್ಟಿಗೆ ಇಳಿದು, ಜಲ್ಲಿ ಮರಳಿನಲ್ಲಿ ಸೋಸಿಕೊಂಡು, ಕೊನೆಗೆ ತಿಳಿನೀರಾಗಿ ಹೊರಬರುತ್ತದಂತೆ. ಆ ನೀರನ್ನು ಚಂದ್ರಣ್ಣ ಓಡಾಡಿ, ಕೇಳಿ, ತನ್ನ ತೋಟಕ್ಕೆ ಹರಿಸಿಕೊಂಡಿದ್ದಾನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನೀರು ಸೋಸುವ ಚಿತ್ರವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ, ಬರೆದ ಮಕ್ಕಳಿಗೆ ಪೂರ್ತಿ ಅಂಕವನ್ನೂ ಕೊಟ್ಟಿದ್ದೇನೆ. ಆದರೆ ಬೋರ್ಡಿನ ಮೇಲೆ ಸೋಸುವ ನೀರು ಬೇರೆ, ಭಾಮೈದ ಕುಡಿಸುವ ನೀರು ಬೇರೆ.

ಅವರ ಮನೆಯಲ್ಲೊಂದು ಪದ್ಧತಿ ಇದೆ. ಎಳನೀರು ಇಳಿಸಿದ ದಿನ ಮೊದಲ ಗೊನೆ ವ್ಯಾಪಾರಿಗಲ್ಲ, ಮನೆಮಗಳಿಗೆ. ಅದು ಬೈಕಿನ ಮೇಲೆ ನಮ್ಮ ಮನೆಗೆ ಬರುತ್ತಿತ್ತು. ನನ್ನ ಪಾಲಿನದು ಹಿಂಬಾಗಿಲಿನಿಂದ ಸದ್ದಿಲ್ಲದೆ ಪಕ್ಕದ ಮನೆಗೆ ಹೋಗುತ್ತಿತ್ತು. ಕುಡಿದ ಅವರು ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿದ್ದರು. ಅದೂ ನನಗೆ ಅನುಮಾನವೇ. ಕೊನೆಗೊಂದು ದಿನ ಪಕ್ಕದ ಮನೆಯಾಕೆ ಸುಜಾತಳೆದುರು, "ನಿಮ್ಮ ತಮ್ಮನ ತೋಟದ ಎಳನೀರು ಬಲು ಸಿಹಿ ಕಣ್ರಿ" ಎಂದು ಹೊಗಳಿ ನನ್ನ ಗುಟ್ಟು ಒಡೆದರು.

"ನನ್ನ ತವರಿನ ಕಾಯಿ ನಿಮಗೆ ಅಷ್ಟು ಅಸಹ್ಯ ಆತಾ? ಚಂದ್ರಂಗೆ ಗೊತ್ತಾದ್ರೆ ಇನ್ನು ನಮ್ಮನೆ ಮೆಟ್ಲು ಹತ್ತಲ್ಲ. ಈ ಭಾನುವಾರ ಬರ್ತಾನೆ, ಅವನ ಎದುರಿಗೇ ಕುಡೀರಿ. ಇಲ್ಲಾಂದ್ರೆ ನಾನೇ ಎಲ್ಲಾ ಹೇಳಿ ಅವನ ಜತೆ ಹೊಂಟೋಗ್ತೀನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಭಾನುವಾರ ಚಂದ್ರಣ್ಣ ಬಂದ. ಬೈಕಿನಿಂದ ಗೊನೆ ತಂದು ಹಿತ್ತಲಲ್ಲಿಟ್ಟು, ಬೆವರು ಒರೆಸಿಕೊಂಡು, ಒಂದು ಕಾಯಿ ಕೆತ್ತಿ ನನ್ನ ಮುಂದೆ ಹಿಡಿದ. "ತಗಳ್ರಿ ಭಾವ."

"ಇದರ ಬುಡಕ್ಕೂ ಅದೇ ನೀರೇನಪ್ಪ?" ಎಂದೆ ಕಾಯಿ ಕೈಗೆ ತೆಗೆದುಕೊಂಡು, ಏನೂ ತಿಳಿಯದವನಂತೆ.

"ಅದೇ ನೀರು. ಬುಡಕ್ಕೆ ಬಿಟ್ರೆ ಕಾಯೊಳಗೇ ಬಂದು ಕುಂತ್ಕಂತದಾ? ತಿಪ್ಪೆ ಗೊಬ್ರದ ಸೊಪ್ಪು ತಿನ್ನಲ್ವಾ ನೀವು?"

ಉತ್ತರ ಹೊಳೆಯದಾಗ ಮೇಷ್ಟ್ರುಗಳು ಜಂಬ ಕೊಚ್ಚುತ್ತಾರೆ. "ನಮ್ಮ ಮನೆಯದು ಮಾತ್ರ ಒಂದು ತೊಟ್ಟೂ ನಿಮ್ಮ ಘಟಕಕ್ಕೆ ಬಂದಿಲ್ಲ. ಮನೆ ಕಟ್ಟಿಸಿದಾಗಿನಿಂದ ಕಕ್ಕಸು ಗುಂಡಿ ತುಂಬಿಯೇ ಇಲ್ಲ. ತಳಕ್ಕೆ ಕಾಂಕ್ರೀಟು ಬೇಡ, ಬರೀ ಮಣ್ಣಿರಲಿ ಅಂತ ನಿಂತು ತೋಡಿಸಿದವನು ನಾನು" ಎಂದೆ.

"ಪುಣ್ಯವಂತರು ಬಿಡ್ರಿ" ಎಂದ ಚಂದ್ರಣ್ಣ. ಅವನಿಗೆ ಅನುಮಾನ ಬರುವುದಿಲ್ಲ, ಒಳ್ಳೆಯ ಮನುಷ್ಯ.

ನನಗೆ ಬಂತು. ತುಂಬಿಲ್ಲ ಅಂದರೆ ಎಲ್ಲಿಗೆ ಹೋಯಿತು? ಗುಂಡಿಯ ಮುಚ್ಚಳವನ್ನು ನೋಡಿದೆ. ಅದರ ಪಕ್ಕ ಸೀಬೆ ಗಿಡ, ಸೀಬೆ ಗಿಡದ ಪಕ್ಕ ಬಟ್ಟೆ ಒಗೆಯುವ ಕಲ್ಲು, ಕಲ್ಲಿಗೆ ಆತುಕೊಂಡೇ ನಮ್ಮ ಬೋರ್‌ವೆಲ್ಲು. ಅಷ್ಟರಲ್ಲಿ ಸುಜಾತ ಚೊಂಬು ಹಿಡಿದು ಬಂದಳು. "ಬಿಸ್ಲಲ್ಲಿ ಬಂದೀಯ, ಮೊದ್ಲು ನೀರು ಕುಡಿ ಚಂದ್ರ. ನಮ್ಮ ಬೋರಿಂದು."

ಚಂದ್ರಣ್ಣ ಕೈಗೆ ತೆಗೆದುಕೊಂಡ ಚೊಂಬನ್ನು ನಾನು ಹಾರಿ ಕಿತ್ತುಕೊಂಡೆ. ಬಾಯಾರಿ ಬಂದವನ ಕೈಯಿಂದ ನೀರು ಕಸಿದ ಭಾವನನ್ನು ಅಕ್ಕ ತಮ್ಮ ಇಬ್ಬರೂ ಬಾಯಿ ತೆರೆದು ನೋಡಿದರು. "ಅವನೂ ಎಳನೀರೇ ಕುಡಿಯಲಿ, ನೀನೂ ಅದನ್ನೇ ಕುಡಿ" ಎಂದವನೇ ಚೊಂಬು ಕೆಳಗಿಟ್ಟು, ನನ್ನ ಪಾಲಿನ ಎಳನೀರನ್ನು ಒಂದೇ ಉಸಿರಿಗೆ ಮುಗಿಸಿ, ಇನ್ನೊಂದು ಕೆತ್ತು ಎಂದೆ. ಸಿಹಿಯಾಗಿಯೇ ಇತ್ತು. ಸುಜಾತಳ ಮುಖ ಅರಳಿತು; ತವರಿನ ಮಾನ ಉಳಿಯಿತೆಂದು ಅವಳ ಲೆಕ್ಕ. ಇನ್ನು ಇವಳಿಗೆ ಬೋರಿನ ಸಂಗತಿ ಹೇಳಬೇಕು. ಗುಂಡಿ ತೋಡಿಸಿದವನೂ ನಾನೇ, ಬೋರಿಗೆ ಜಾಗ ತೋರಿಸಿದವನೂ ನಾನೇ. ಊರನ್ನೆಲ್ಲ ಅನುಮಾನಿಸಿದ ನನಗೆ ಈ ಒಬ್ಬ ಮನುಷ್ಯನ ಮೇಲೆ ಮಾತ್ರ ಇಷ್ಟು ವರ್ಷ ಅನುಮಾನವೇ ಬಂದಿರಲಿಲ್ಲ.